ನಾದಿನಿ ಬಚ್ಚಿಟ್ಟ ಬಿಳಿ ವೈನ್

ನನ್ನ ನಾದಿನಿ ಎರ್ಸೀಲಿಯಾ ಕೂತಲ್ಲಿ ಕೂರುವವಳಲ್ಲ. ಅರವತ್ತಮೂರು ವರ್ಷವಾದರೂ ಪೂಜೆಯ ನಡುವೆ ಎದ್ದು, ಚರ್ಚಿನ ಬಾಗಿಲಿಗೆ ಹೋಗಿ ಮೋಡ ನೋಡಿ ಬರುತ್ತಾಳೆ. ಆ ಭಾನುವಾರವಂತೂ ಅವಳ ಜೀವಕ್ಕೆ ಸಮಾಧಾನವೇ ಇರಲಿಲ್ಲ. ಮೇಲಿನ ಇಳಿಜಾರಿನ ವೆರ್ದಿಕ್ಕಿಯೊ ಎಂಬ ಬಿಳಿ ದ್ರಾಕ್ಷಿಯ ಬಳ್ಳಿಗಳನ್ನು ಕಿತ್ತು ಕೆಂಪು ದ್ರಾಕ್ಷಿ ಹಾಕುತ್ತೇನೆಂದು ನನ್ನ ಗಂಡ ನಝರೇನೊ ಹಟ ಹಿಡಿದಿದ್ದ. ಸೋಮವಾರ ಬಳ್ಳಿ ಕೀಳುವ ಯಂತ್ರ ಬರುವುದಿತ್ತು. ಆ ಬಳ್ಳಿಗಳನ್ನು ತನ್ನ ಅಪ್ಪನ ಜೊತೆ ನಿಂತು ನೆಟ್ಟವಳು ಎರ್ಸೀಲಿಯಾ.

"ಬಿಳಿ ವೈನು ಮುಂದಿನ ಕೊಯ್ಲಿನೊಳಗೆ ಸತ್ತುಹೋಗತ್ತೆ ಕಣೇ," ಎಂದಿದ್ದ ಅವನು. ನಮ್ಮ ಗುಡ್ಡಗಳ ಕಡೆ ಎಲ್ಲರ ಮಾತೂ ಅದೇ.

"ನಾನು ಬಚ್ಚಿಟ್ಟಿರೋದು ಹನ್ನೊಂದು ವರ್ಷದ್ದು. ಭಾನುವಾರ ಕುಡಿದು ನೋಡು. ಹಿಡಿಸದಿದ್ರೆ ಮೊದಲನೇ ಬಳ್ಳಿ ನಾನೇ ಕೀಳ್ತೀನಿ," ಎಂದಿದ್ದಳು ಎರ್ಸೀಲಿಯಾ.

ನಾನು ಉಪ್ಪು ಹಾಕಿ ಒಣಗಿಸಿದ ಕಾಡ್ ಎಂಬ ಕಡಲ ಮೀನನ್ನು ಆಲೂಗಡ್ಡೆ, ಟೊಮೆಟೊ, ಧಾರಾಳ ಎಣ್ಣೆ ಹಾಕಿ ಒಲೆಯ ಮೇಲಿಟ್ಟಿದ್ದೆ. ಅದಕ್ಕೆ ಸೌಟು ತಾಗಿಸಬಾರದು. ಎರ್ಸೀಲಿಯಾ ಮೂರು ಸಲ ಮುಚ್ಚಳ ತೆಗೆದಳು.

"ಕೈ ತೆಗಿಯೇ! ಮೀನು ಪುಡಿಯಾಗತ್ತೆ!" ಎಂದು ಗದರಿದೆ.

ಊಟಕ್ಕೆ ಕೂತೆವು. ಬಂಗಾರದ ಬಣ್ಣದ ವೈನನ್ನು ಅವಳು ಸುರಿದಳು. ನಝರೇನೊ ಗುಟುಕರಿಸಿ ಮುಖ ಕಿವುಚಿದ.

"ಬಾವಿ ನೀರೇ ವಾಸಿ."

ನಾನೂ ಕುಡಿದೆ. ಹಲ್ಲು ಜುಮ್ಮೆಂದಿತೇ ಹೊರತು ರುಚಿಯೂ ಇಲ್ಲ, ವಾಸನೆಯೂ ಇಲ್ಲ.

"ಯಾವಾಗಿಂದ ಐಸಲ್ಲಿಟ್ಟಿದ್ದೀಯ?" ಎಂದು ಅವಳನ್ನು ಕೇಳಿದೆ.

"ಬೆಳಿಗ್ಗೆಯಿಂದ. ಎಲ್ಲರೂ ಇಡಲ್ವಾ?"

"ಹೊಸದನ್ನ ಇಡ್ತಾರೆ, ಮಹರಾಯ್ತಿ! ಹಳೇದನ್ನ ಹೀಗೆ ಕೊರೆಸಿ ಇದರ ರುಚಿಗೇ ಬೀಗ ಹಾಕಿದ್ಯಲ್ಲ! ಮೇಜಿನ ಮೇಲಿಡು. ತಣುಪು ಇಳಿಯೋವರೆಗೆ ಯಾರೂ ಮುಟ್ಟಬೇಡಿ."

ಎರ್ಸೀಲಿಯಾ ಬಾಟಲಿಯನ್ನು ಐಸಿನಿಂದ ತೆಗೆದು ಮೇಜಿನ ಮೇಲಿಟ್ಟಳು. ಅವಳು ಒಂದು ತುತ್ತೂ ತಿನ್ನದೆ ಕಿಟಕಿಗೂ ಮೇಜಿಗೂ ಓಡಾಡಿದಳು. ನನಗೆ ಗಂಡನ ಮೇಲೆ ಸಿಟ್ಟು, ಅವಳ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟು. ಒಂದೇ ಒಂದು ಅವಕಾಶ, ಅದನ್ನೂ ಆತುರದಲ್ಲಿ ಹಾಳು ಮಾಡಿಕೊಂಡಿದ್ದಳು.

ನಝರೇನೊ ಎರಡನೇ ಸಲ ಮೀನು ಬಡಿಸಿಕೊಂಡ. ಉಪ್ಪು ಮೀನಿಗೆ ಬಾಯಾರಿ, ಅಭ್ಯಾಸಬಲದಿಂದ ಗ್ಲಾಸೆತ್ತಿದವನು ಅರ್ಧಕ್ಕೇ ನಿಲ್ಲಿಸಿ ಮೂಸಿದ. ಕುಡಿದ. ಒಂದು ತುತ್ತು ತಿಂದು ಮತ್ತೆ ಕುಡಿದ.

"ಜೇನು," ಎಂದ. ಇನ್ನೊಂದು ಗುಟುಕು ಕುಡಿದು, "ಕೊನೇಲಿ ಕಹಿ ಬಾದಾಮಿ. ಎಣ್ಣೆ ಜಿಡ್ಡೆಲ್ಲ ತೊಳೆದುಬಿಡ್ತು."

ಯಾರ ಮುಖವನ್ನೂ ನೋಡದೆ ತಾನೇ ಇನ್ನೊಂದು ಗ್ಲಾಸು ಸುರಿದುಕೊಂಡ. ಮೂರನೆಯದಕ್ಕೆ ಕೈಚಾಚಿದಾಗ ಎರ್ಸೀಲಿಯಾ ಬಾಟಲಿಯನ್ನು ಸರಕ್ಕನೆ ಎಳೆದುಕೊಂಡಳು.

"ಮೊದಲು ಯಂತ್ರದವನಿಗೆ ಫೋನ್ ಮಾಡು."

ಅವನು ಗೊಣಗಿದ, ಬಾಯಿ ಒರೆಸಿಕೊಂಡ, ಮಾಡಿದ. "ನಾಳೆ ಬರಬೇಡಪ್ಪಾ," ಎನ್ನುವುದು ಕೇಳಿಸಿದ್ದೇ ತಡ, ಎರ್ಸೀಲಿಯಾ ಬಾಟಲಿಯನ್ನು ಎದೆಗವಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅವಳ ಅಪ್ಪ ಸತ್ತ ದಿನವೂ ಅವಳು ಹಾಗೆ ಅತ್ತಿರಲಿಲ್ಲ.