ಸೌಂಡಕ್ಕ ಕೂತ ಮೂಲೆ ಕುರ್ಚಿ

ಸೌಂಡಕ್ಕನಿಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಿಲ್ಲ. ಸ್ಪೀಕರ್ ಮೇಲೆ ಯಾರಾದರೂ ಹೂದಾನಿ ಇಟ್ಟಿದ್ದರೆ ಸಾಕು. ಇನ್ನು ಹೋಂ ಥಿಯೇಟರಿನ ಐದೂ ಸ್ಪೀಕರುಗಳನ್ನು ಚೆಂದ ಕಾಣಲೆಂದು ಒಂದೇ ಕಪಾಟಿನಲ್ಲಿ ಸಾಲಾಗಿ ಜೋಡಿಸಿ, "ಸೌಂಡು ಸುತ್ತಲಿಂದ ಬರ್ತಾನೇ ಇಲ್ಲ" ಎಂದು ದೂರುವವರನ್ನು ಕಂಡರಂತೂ ಅವಳ ಪಿತ್ತ ನೆತ್ತಿಗೇರುತ್ತದೆ. ಅಪ್ಪನ ರಿಪೇರಿ ಅಂಗಡಿಯಲ್ಲಿ ಹದಿನಾಲ್ಕನೇ ವಯಸ್ಸಿಗೇ ಹರಿದ ಸ್ಪೀಕರಿಗೆ ಕಾಗದ ಅಂಟಿಸಲು ಕಲಿತವಳು. ಈಗ ಐವತ್ತೆರಡು ದಾಟಿದೆ. ಇವತ್ತಿಗೂ ಬಾಗಿಲು ತೆರೆದವರು ಅವಳ ಹೆಗಲಾಚೆ ಇಣುಕಿ "ಮೆಕ್ಯಾನಿಕ್ ಎಲ್ಲಿ?" ಎಂದು ಕೇಳುತ್ತಾರೆ. ಅವಳು ಚಪ್ಪಲಿ ಬಿಟ್ಟು ಸೀದಾ ಒಳಗೆ ನಡೆಯುತ್ತಾಳೆ.

ಅವಳದೊಂದು ಪದ್ಧತಿಯಿದೆ. ರಿಮೋಟ್ ಮುಟ್ಟುವ ಮುಂಚೆ ಕೋಣೆಯಲ್ಲಿರುವ ಎಲ್ಲ ಕಡೆಯೂ ಒಮ್ಮೊಮ್ಮೆ ಕೂತು ನೋಡುವುದು. ಸೋಫಾ, ಸ್ಟೂಲು, ಮೂಲೆಗೆ ತಳ್ಳಿದ ಹಳೇ ಕುರ್ಚಿ, ಯಾವುದನ್ನೂ ಬಿಡುವವಳಲ್ಲ. ಕೂರದೆ ಸೌಂಡ್ ಸೆಟ್ ಮಾಡುವವರು ಅಳತೆ ತೆಗೆದುಕೊಳ್ಳದೆ ಅಂಗಿ ಹೊಲಿಯುವವರು ಎಂದು ಅವಳು ಬೈಯುವುದುಂಟು.

ಆ ಭಾನುವಾರ ಬೆಳಿಗ್ಗೆ ಕರೆದಿದ್ದವನು ಕಾರಿನ ಶೋರೂಮಿನ ಮ್ಯಾನೇಜರ್. ಮೂರನೇ ಮಹಡಿಯ ಮನೆ, ಗೋಡೆಯಗಲದ ಟಿವಿ. ಅದರ ಕೆಳಗೆ ಉದ್ದನೆಯ ಮಧ್ಯದ ಸ್ಪೀಕರ್, ಪಕ್ಕದಲ್ಲಿ ಎಲ್ಲ ಸ್ಪೀಕರುಗಳಿಗೂ ಸೌಂಡು ಹಂಚುವ ರಿಸೀವರ್.

"ಹೆಲಿಕಾಪ್ಟರ್ ತಲೆ ಮೇಲೇ ಹಾರಿದ ಹಾಗಿರ್ಬೇಕು. ಹಿಂದಿನ ಸ್ಪೀಕರ್ ಇನ್ನೂ ಜೋರು ಮಾಡಿ, ಅಷ್ಟೇ. ಬೇರೇನೂ ಮುಟ್ಬೇಡಿ, ಎಲ್ಲಾ ನಾನೇ ಸೆಟ್ ಮಾಡಿದೀನಿ," ಎಂದ.

ನಾನೇ ಸೆಟ್ ಮಾಡಿದೀನಿ! ಈ ಮಾತು ಕೇಳಿದಾಗಲೆಲ್ಲ ಸೌಂಡಕ್ಕನ ಮೈ ಉರಿಯುತ್ತದೆ. ಆದರೂ ಹಲ್ಲು ಕಚ್ಚಿಕೊಂಡು ಸೋಫಾದಲ್ಲಿ ಕೂತಳು. ಅವನು ಸಿನಿಮಾ ಹಾಕಿದ. ಬಾಂಬು ಸಿಡಿದರೆ ಕಿಟಕಿಯ ಗಾಜು ಗಡಗಡ ನಡುಗಿತು. ಆಮೇಲೆ ಪರದೆಯ ಮೇಲೆ ಇಬ್ಬರು ಬಾಯಿ ಆಡಿಸಿದರು, ಮ್ಯಾನೇಜರ್ ಮತ್ತು ಅವನ ಹೆಂಡತಿ ಕೆಳಗೆ ಮೂಡುವ ಅಕ್ಷರಗಳನ್ನು ಓದಿಕೊಂಡರು.

ಸೌಂಡಕ್ಕ ಎದ್ದು ಮೂಲೆಗೆ ಹೋದಳು. ಅಲ್ಲಿ ಕುರ್ಚಿಯಲ್ಲಿ ಮ್ಯಾನೇಜರನ ತಾಯಿ ಕೂತಿದ್ದರು. "ಅಮ್ಮಾ, ಒಂದು ನಿಮಿಷ ಏಳ್ತೀರಾ? ನಾನು ಕೂತು ನೋಡ್ಬೇಕು."

"ಆ ಕುರ್ಚಿ ಲೆಕ್ಕಕ್ಕಿಲ್ಲ ಬಿಡಿ," ಎಂದು ಮ್ಯಾನೇಜರ್ ನಕ್ಕ. "ಅಮ್ಮನಿಗೆ ಕಿವಿ ಹೋಗಿದೆ. ಈ ಸಿಸ್ಟಮ್ ತಂದು ಆರು ತಿಂಗಳಾಯ್ತು, ಒಂದು ಡೈಲಾಗೂ ಕೇಳ್ತಿಲ್ಲ ಅಂತಾರೆ. ನಾಳೆ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ ಕಿವಿಗೆ ಮಿಷನ್ ಹಾಕಿಸ್ತೀವಿ."

"ಫೋನೂ ನಾವೇ ತಗೋತೀವಿ, ಬೆಲ್ ಆದ್ರೆ ಬಾಗಿಲೂ ನಾವೇ ತೆಗೀತೀವಿ," ಎಂದು ಸೊಸೆ ದನಿಗೂಡಿಸಿದಳು. "ಅತ್ತೆ ಕೈಗೆ ಕೊಟ್ರೆ ಏನೋ ಒಂದು ಎಡವಟ್ಟಾಗುತ್ತೆ."

"ನನ್ನ ಕಿವಿ ಚೆನ್ನಾಗೇ ಇದೆ," ಎಂದರು ತಾಯಿ. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎದುರಿಗೇ ಕೂತ ಮನುಷ್ಯರ ಬಗ್ಗೆ ಕೆಟ್ಟುಹೋದ ಫ್ರಿಜ್ಜಿನ ಬಗ್ಗೆ ಮಾತಾಡಿದಂತೆ ಮಾತಾಡುತ್ತಾರಲ್ಲ ಎಂದು ಸೌಂಡಕ್ಕನಿಗೆ ರೋಸಿಹೋಯಿತು.

ಅವಳು ಆ ಕುರ್ಚಿಯಲ್ಲಿ ಕೂತು ಕೇಳಿದಳು, ಅಲ್ಲೂ ಮಾತಿನ ಸುಳಿವಿಲ್ಲ. ತಾಯಿಯನ್ನು ಮತ್ತೆ ಕೂರಿಸಿ, ಸಿನಿಮಾ ನಿಲ್ಲಿಸಿ, ರಿಸೀವರಿನ ಮೆನು ತೆರೆದಳು. ಹಿಂದಿನ ಸ್ಪೀಕರುಗಳು ಎಷ್ಟು ಸಾಧ್ಯವೋ ಅಷ್ಟೂ ಜೋರಾಗಿದ್ದವು. ಮಧ್ಯದ ಸ್ಪೀಕರ್ ಮೈನಸ್ ಹನ್ನೆರಡು. ಅದಕ್ಕಿಂತ ಕೆಳಗೆ ಇಳಿಸಲು ಆ ಯಂತ್ರದಲ್ಲಿ ಜಾಗವೇ ಇಲ್ಲ. ಸಿನಿಮಾದ ಮಾತೆಲ್ಲ ಬರುವುದು ಆ ಮಧ್ಯದ ಸ್ಪೀಕರಿನಿಂದ. ಅದು ಕೇಳುವವರಿಂದ ಎಷ್ಟು ದೂರದಲ್ಲಿದೆ ಎಂದು ನೋಡಿದರೆ, ಹತ್ತು ಸೆಂಟಿಮೀಟರ್ ಎಂದಿತ್ತು.

ಹತ್ತು ಸೆಂಟಿಮೀಟರ್! ಸ್ಪೀಕರಿಗೆ ಮೂಗು ತಾಗಿಸಿಕೊಂಡು ಯಾರು ಸಿನಿಮಾ ನೋಡುತ್ತಾರೆ? ರಿಸೀವರಿನ ಜೊತೆಗೊಂದು ಪುಟ್ಟ ಮೈಕು ಬರುತ್ತದೆ. ನಾವು ಕೂರುವ ಜಾಗದಲ್ಲಿ, ಕಿವಿಯ ಎತ್ತರಕ್ಕೆ ಅದನ್ನು ಇಟ್ಟರೆ, ಯಂತ್ರ ಒಂದೊಂದೇ ಸ್ಪೀಕರಿನಿಂದ ಸದ್ದು ಮಾಡಿ, ಮೈಕಿಗೆ ಕೇಳಿಸಿದ ಪ್ರಕಾರ ಜೋರು, ಮೆಲ್ಲಗೆ ಹೊಂದಿಸಿಕೊಳ್ಳುತ್ತದೆ.

"ಈ ಪುಣ್ಯಾತ್ಮ ಮೈಕನ್ನ ಎಲ್ಲಿಟ್ಟಿದ್ನೋ," ಎಂದು ಅವಳು ಟಿವಿ ಕಡೆ ಮುಖಮಾಡಿ ತನ್ನಷ್ಟಕ್ಕೇ ಗೊಣಗಿದಳು.

"ಆ ಉದ್ದ ಡಬ್ಬದ ಮೇಲೇ ಇಟ್ಟಿದ್ದ ಕಣಮ್ಮಾ," ಎಂದು ಹಿಂದಿನ ಮೂಲೆಯಿಂದ ಉತ್ತರ ಬಂತು. "ಸೋಫಾ ತನಕ ವೈರು ಎಳೆದ್ರೆ ಕಾಲಿಗೆ ಸಿಗುತ್ತೆ ಅಂದ."

"ಅಮ್ಮಾ! ನಿನ್ನನ್ನ ಕೇಳಿಲ್ಲಾ!" ಸೌಂಡಕ್ಕನ ಪಕ್ಕದಲ್ಲಿ ನಿಂತಿದ್ದ ಮ್ಯಾನೇಜರ್ ರಸ್ತೆಯಾಚೆಗಿನವರನ್ನು ಕರೆಯುವಂತೆ ಕಿರುಚಿದ.

ಸೌಂಡಕ್ಕ ತಿರುಗಿದಳು. ಇನ್ನು ತಡೆಯುವುದು ಅವಳ ಕೈಲಾಗಲಿಲ್ಲ. "ಯಾಕ್ರೀ ಕಿರುಚ್ತೀರಾ? ನಾನೀಗ ಗೊಣಗಿದ್ದು ನಿಮಗೆ ಕೇಳಿಸ್ತಾ?"

"ಏನು ಗೊಣಗಿದ್ರಿ?"

"ನೋಡಿ! ಪಕ್ಕದಲ್ಲೇ ನಿಂತಿರೋ ನಿಮಗೆ ಕೇಳಿಸ್ಲಿಲ್ಲ, ಮೂಲೇಲಿರೋ ಅವರಿಗೆ ಕೇಳಿಸ್ತು. ಮೈಕು ತಗೊಂಡು ಹೋಗಿ ಸ್ಪೀಕರ್ ತಲೆ ಮೇಲಿಟ್ರೆ, ಇದು ಸಿಕ್ಕಾಪಟ್ಟೆ ಅರಚ್ತಿದೆ ಅಂದ್ಕೊಂಡು ಮಿಷನ್ ಅದರ ಬಾಯಿ ಮುಚ್ಚಿಸಿದೆ. ನೀವು ಅಕ್ಷರ ಓದ್ಕೊಂಡು ಕೂತ್ರಿ. ಕೇಳ್ತಿಲ್ಲ ಅಂತ ನಿಜ ಹೇಳಿದವರನ್ನ ಕಿವುಡಿ ಮಾಡಿದ್ರಿ. ಆರು ತಿಂಗಳಲ್ಲಿ ಒಂದು ದಿನ ಈ ಕುರ್ಚೀಲಿ ಬಂದು ಕೂತಿದ್ರಾ?"

ಸೌಂಡಕ್ಕ ಮೈಕನ್ನು ತಂದು ಮೊದಲು ಮೂಲೆ ಕುರ್ಚಿಯಲ್ಲಿ, ತಾಯಿಯ ಕಿವಿಯ ಎತ್ತರಕ್ಕೆ ನಿಲ್ಲಿಸಿದಳು. ಸೋಫಾದ ಸರದಿ ಆಮೇಲೆ ಬಂತು. ಯಂತ್ರ ಒಂದು ಸುತ್ತು ಬುಸ್ ಬುಸ್ ಎಂದು ಅಳತೆ ಮುಗಿಸಿತು.

"ಮತ್ತೆ... ಹೆಲಿಕಾಪ್ಟರ್?"

"ಹಾರುತ್ತೆ. ಸುಮ್ನಿರಿ."

ಅವಳು ಪರದೆಯ ಮೇಲಿನ ಅಕ್ಷರಗಳನ್ನು ತೆಗೆದುಹಾಕಿ, ಸಿನಿಮಾ ಶುರುಮಾಡಿ, ರಿಮೋಟನ್ನು ತಾಯಿಯ ಕೈಗೇ ಕೊಟ್ಟಳು. ಮಾತುಗಳು ಸ್ಪಷ್ಟವಾಗಿ ಕೇಳಿಬಂದವು. ಯಾರೋ ಪಿಸುದನಿಯಲ್ಲಿ ಏನೋ ತಮಾಷೆ ಮಾಡಿದರೆ, ಎಲ್ಲರಿಗಿಂತ ಮುಂಚೆ ನಕ್ಕವರು ತಾಯಿ.

ಸೊಸೆ ಗಂಡನ ಕಿವಿಗೆ ಬಾಯಿಟ್ಟು, "ನಾಳೆ ಬರಲ್ಲ ಅಂತ ಡಾಕ್ಟರಿಗೆ ಹೇಳಿಬಿಡೋಣವಾ?" ಎಂದು ಪಿಸುಗುಟ್ಟಿದಳು.

"ಹೇಳಿಬಿಡಮ್ಮಾ," ಎಂದರು ತಾಯಿ, ಟಿವಿಯಿಂದ ಕಣ್ಣು ತೆಗೆಯದೆ. "ಈ ಆರು ತಿಂಗಳು ನನಗೆ ಕೇಳಿಸ್ದೇ ಇದ್ದಿದ್ದು ಟಿವಿಯವರ ಮಾತು ಒಂದೇ. ನೀವಿಬ್ಬರೂ ನನ್ನ ಮುಂದೆ ಕೂತು ನನ್ನ ಬಗ್ಗೆ ಆಡಿದ್ದೆಲ್ಲ ಚೆನ್ನಾಗೇ ಕೇಳಿಸ್ತಿತ್ತು."

ಗಂಡ ಹೆಂಡತಿ ನೆಲ ನೋಡಿದರು. ಅಷ್ಟರಲ್ಲಿ ಬಾಗಿಲ ಬೆಲ್ ಆಯಿತು. ಅವರಿಬ್ಬರೂ ಏಳಲಿಲ್ಲ. ತಾಯಿ ಎದ್ದು ಹೋಗಿ ಬಾಗಿಲು ತೆರೆದರು.