ಆರರ ಜಾಗದಲ್ಲಿ ಬರೆದ ಐದು

ನನಗೆ ಬ್ಯಾಟು ಬೀಸಲಿಕ್ಕೆ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಮೋಸ ಆಯ್ತು ಅನ್ನುವುದು ಬೇಡ. ಕ್ರಿಕೆಟ್ಟಿನಲ್ಲಿಯೂ ಬರುತ್ತಿರಲಿಲ್ಲ, ಈ ಸಾಫ್ಟ್‌ಬಾಲ್‌ನಲ್ಲಂತೂ ಕೇಳುವುದೇ ಬೇಡ. ಚೆಂಡು ಹಿಡಿಯಲಿಕ್ಕೆ ಮಾತ್ರ ಬರುತ್ತದೆ. ಉಡುಪಿ ಕಡೆಯ ಕೊಯ್ಲು ಮುಗಿದ ಗದ್ದೆಯಲ್ಲಿ ಬರಿಗೈಯಲ್ಲಿ ಹಿಡಿದು ಬೆಳೆದವನು ನಾನು. ಭತ್ತದ ಕೂಳೆಗೆ ತಾಗಿದ ಚೆಂಡು ಎತ್ತ ಹಾರುತ್ತದೆ ಅಂತ ಅಲ್ಲಿ ಕೈಗೇ ಗೊತ್ತಾಗಬೇಕು, ಕಣ್ಣಿಗೆ ಗೊತ್ತಾಗುವಷ್ಟು ಹೊತ್ತು ಇರುವುದಿಲ್ಲ.

ಈಗ ಗಲ್ಫಿನಲ್ಲಿ, ಶುವೈಖ್‌ನ ಒಂದು ಬಿಡಿಭಾಗಗಳ ಗೋದಾಮಿನಲ್ಲಿ ನಾನು ಸ್ಟೋರ್‌ಕೀಪರ್. ಒಂದು ದಿನ ಮೇಲಿನ ರ‍್ಯಾಕಿನಿಂದ ಬೇರಿಂಗ್ ಡಬ್ಬಿ ಜಾರಿತು. ನಾನು ಕಾಗದ ನೋಡುತ್ತಾ ನಿಂತವನು ಹಾಗೇ ಒಂದು ಕೈಯಲ್ಲಿ ಹಿಡಿದೆ. ಅದನ್ನು ನಮ್ಮ ಸೂಪರ್‌ವೈಸರ್ ನೋಡಿದ. ಫಿಲಿಪೀನ್ಸಿನವನು, ಐವತ್ತು ದಾಟಿದವನು. ಗೋದಾಮಿನವರೆಲ್ಲ ಅವನನ್ನು ಕೂಯಾ ಅನ್ನುತ್ತಾರೆ, ಅವರ ಭಾಷೆಯಲ್ಲಿ ಅಣ್ಣ ಅಂತ. ಅವನು ಡಬ್ಬಿಯನ್ನು ನೋಡಲಿಲ್ಲ, ನನ್ನ ಕೈಯನ್ನು ನೋಡಿದ. “ಶುಕ್ರವಾರ ಬೆಳಿಗ್ಗೆ ಎಂತ ಕೆಲಸ ನಿನಗೆ?” ಎಂದು ಕೇಳಿದ.

ಹಾಗೆ ನಾನು ಅವರ ತಂಡಕ್ಕೆ ಸೇರಿದೆ. ಸಾಫ್ಟ್‌ಬಾಲ್ ಅಂದರೆ ಬೇಸ್‌ಬಾಲ್‌ನ ತಮ್ಮ. ಹೆಸರಿಗೆ ಸಾಫ್ಟ್ ಮಾರಾಯ್ರೇ, ದವಡೆಗೆ ಬಡಿದರೆ ಗೊತ್ತಾಗ್ತದೆ ಎಷ್ಟು ಸಾಫ್ಟ್ ಅಂತ. ಹೊಡೆದವನು ಓಡಿ ಮುಟ್ಟುತ್ತಾ ಹೋಗಬೇಕಾದ ನಾಲ್ಕು ಮೂಲೆಗಳಿಗೆ ಬೇಸು ಅನ್ನುತ್ತಾರೆ, ಸುತ್ತು ಮುಗಿಸಿದರೆ ಒಂದು ರನ್ನು. ಕೂಯಾ ನನ್ನನ್ನು ಶಾರ್ಟ್‌ಸ್ಟಾಪ್‌ನಲ್ಲಿ ನಿಲ್ಲಿಸಿದ. ಎರಡನೇ ಬೇಸಿಗೂ ಮೂರನೇ ಬೇಸಿಗೂ ನಡುವಿನ ಜಾಗ ಅದು, ನೆಲದ ಮೇಲೆ ಪುಟಿಯುವ ಚೆಂಡುಗಳಲ್ಲಿ ಹೆಚ್ಚಿನವು ಬರುವುದು ಅಲ್ಲಿಗೇ. ನಮ್ಮ ಮೈದಾನವೋ, ಅಬು ಹಲೀಫಾದ ಆಚೆಯ ಜಲ್ಲಿ ಬಯಲು. ಹುಲ್ಲು ಅಂದರೆ ಎಂತ ಅಂತ ಅದಕ್ಕೆ ಗೊತ್ತಿಲ್ಲ.

ಮೊದಲ ಪಂದ್ಯದಲ್ಲಿ ನಾನು ಮಾಡಿದ ಕೆಲಸ ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಹೇಗೋ ಬ್ಯಾಟಿಗೆ ಚೆಂಡು ತಾಗಿತು, ಎಸೆದವನ ಬಲಕ್ಕೆ ಮೆಲ್ಲಗೆ ಉರುಳಿತು. ಇದರಲ್ಲಿ ರನ್ ಇಲ್ಲ ಅಂತ ನನಗೆ ಅನ್ನಿಸಿತು. ಕೈ ಎತ್ತಿ “ನೋ” ಎಂದು ಕೂಗಿ ನಿಂತಲ್ಲೇ ನಿಂತೆ. ಬೆಂಚಿನಲ್ಲಿ ಕೂತವರೆಲ್ಲ ಎದ್ದು ಓಡು ಓಡು ಎಂದು ಬೊಬ್ಬೆ ಹಾಕುತ್ತಿದ್ದಾರೆ. ಈ ಆಟದಲ್ಲಿ ತಾಗಿತು ಅಂದರೆ ಓಡಲೇಬೇಕು, ಬೇಕೋ ಬೇಡವೋ ಅಂತ ಯೋಚಿಸುವ ಹಕ್ಕು ನಮಗಿಲ್ಲ. ಎರಡನೇ ಸಲ ಓಡಿದೆ, ಬ್ಯಾಟು ಹಿಡಿದುಕೊಂಡೇ ಓಡಿದೆ. ಮೂಲೆಯಲ್ಲಿ ಕೂತು ನೋಡುತ್ತಿದ್ದ ಮಗಳು ಮುಖ ಮುಚ್ಚಿಕೊಂಡಳು. ಮನೆಗೆ ಬರುವಾಗ “ಜಸ್ಟ್ ರನ್ ಅಪ್ಪಾ, ಜಸ್ಟ್ ರನ್” ಎಂದಳು. ನಾವು ಕನ್ನಡದಲ್ಲಿ ಬೈದರೂ ಅವಳ ಉತ್ತರ ಇಂಗ್ಲಿಷಿನಲ್ಲೇ.

ಆಟ ಆಟವಾಗಿ ಇದ್ದಷ್ಟು ದಿನ ಎಲ್ಲ ಚಂದ ಇತ್ತು. ಹೆದರಿಕೆ ಸುರುವಾದದ್ದು ಹೋದ ಚಳಿಗಾಲದಲ್ಲಿ. ಕಂಪನಿಗೆ ಶುವೈಖ್‌ನಲ್ಲಿ ಎರಡು ಗೋದಾಮು. ಎರಡನ್ನೂ ಒಂದು ಮಾಡುತ್ತಾರಂತೆ ಎಂಬ ಸುದ್ದಿ ಬಂತು. ಎರಡು ಗೋದಾಮಿಗೆ ಇಬ್ಬರು ಸ್ಟೋರ್‌ಕೀಪರ್‌ಗಳು, ಒಂದಾದ ಮೇಲೆ ಒಬ್ಬನೇ ಸಾಕು. ಒಬ್ಬ ನಾನು. ಇನ್ನೊಬ್ಬರು ಗದಗಿನ ಕಡೆಯವರು, ನನಗಿಂತ ಆರೇಳು ವರ್ಷ ಸಣ್ಣವರು, ಮಂಗಫ್‌ನಲ್ಲಿ ಮೂವರ ಜೊತೆ ಒಂದು ಫ್ಲಾಟಿನಲ್ಲಿ ಇರುತ್ತಿದ್ದರು. ಹೆಂಡತಿ, ಮಗು ಊರಿನಲ್ಲಿ. ನನ್ನ ಹೆಂಡತಿ, ಮಗಳು ಇಬ್ಬರೂ ಇಲ್ಲಿ, ನನ್ನ ಇಕಾಮಾದ, ಅಂದರೆ ಇಲ್ಲಿ ಇರಲಿಕ್ಕೆ ಕೊಡುವ ಪರವಾನಗಿಯ, ಬಾಲ ಹಿಡಿದುಕೊಂಡು. ನನ್ನದು ರದ್ದಾದರೆ ಮೂವರೂ ವಿಮಾನ ಹತ್ತಬೇಕು. ಮಗಳು ಹತ್ತನೇ ಕ್ಲಾಸು, ಪರೀಕ್ಷೆಗೆ ಮೂರು ತಿಂಗಳಿತ್ತು.

ಗದಗಿನವರೂ ನಮ್ಮ ತಂಡಕ್ಕೇ ಸೇರಿದ್ದರು. ಅವರನ್ನು ಕರೆದುಕೊಂಡು ಹೋದದ್ದು ನಾನೇ, ಯಾರಿಗೆ ಹೇಳುವುದು. ಅವರು ಬ್ಯಾಟು ಬೀಸಿದರೆ ಚೆಂಡು ರಸ್ತೆ ದಾಟುತ್ತಿತ್ತು. ಹಿಡಿಯುವುದರಲ್ಲಿ ಮಾತ್ರ ಸ್ವಲ್ಪ ಕೈ ಜಾರು. ಶುಕ್ರವಾರ ಬೆಳಿಗ್ಗೆ ತಮ್ಮ ಹಳೆಯ ಕಾರಿನಲ್ಲಿ ನನ್ನ ಬಿಲ್ಡಿಂಗಿನ ಕೆಳಗೆ ಬಂದು ಹಾರ್ನ್ ಹೊಡೆಯದೆ ಫೋನಿನಲ್ಲಿ ಒಂದು ರಿಂಗ್ ಕೊಡುತ್ತಿದ್ದರು, ಮಗಳ ನಿದ್ದೆ ಕೆಡಬಾರದು ಅಂತ.

ಆಗ ಕೂಯಾ ಇನ್ನೊಂದು ಮಾತು ಹೇಳಿದ. ಮೂರನೇ ಬೇಸಿನಲ್ಲಿ ಖಾಯಂ ನಿಲ್ಲುವವನು ರಜೆಯಲ್ಲಿ ಊರಿಗೆ ಹೋಗಿದ್ದ, ಅವನ ಜಾಗದಲ್ಲಿ ಗದಗಿನವರು ಆಡುತ್ತಿದ್ದರು. ಅವನು ಬಂದ ಮೇಲೆ ಉಳಿಯುವುದು ನಾನು ನಿಲ್ಲುವ ಜಾಗ ಒಂದೇ, ನಮ್ಮಿಬ್ಬರಲ್ಲಿ ಒಬ್ಬರು ಹೊರಗೆ. “ಅವನ ಬ್ಯಾಟು ದೊಡ್ಡದು, ನಿನ್ನ ಗ್ಲವ್ಸು ದೊಡ್ಡದು. ಯಾವುದು ಹೆಚ್ಚು ದೊಡ್ಡದು ಅಂತ ನೋಡಬೇಕು” ಎಂದು ನಕ್ಕ. ನನಗೆ ನಗು ಬರಲಿಲ್ಲ. ಎರಡೂ ಗೋದಾಮಿನವರ ವರ್ಷದ ವರದಿ ಬರೆಯುವವನು ಅವನೇ. ತಂಡದಿಂದ ತೆಗೆದವನನ್ನು ಗೋದಾಮಿನಲ್ಲಿ ಇಟ್ಟುಕೊಳ್ಳುತ್ತಾನಾ? ಇಲ್ಲ ಅಂತ ನನ್ನ ತಲೆಗೆ ಹೊಕ್ಕಿತು, ಹೊಕ್ಕಿದ್ದು ಹೊರಗೆ ಬರಲಿಲ್ಲ. ಅವತ್ತಿನಿಂದ ಊಟ ಸೇರಲಿಲ್ಲ. ಆಫೀಸಿನ ನಂಬರಿನಿಂದ ಫೋನ್ ಬಂದರೆ ನಾಲ್ಕೈದು ರಿಂಗ್ ಆಗುವವರೆಗೂ ಎತ್ತುತ್ತಿರಲಿಲ್ಲ. ಹೆಂಡತಿ “ಎಂತ ಆಯ್ತು ನಿಮಗೆ?” ಎಂದು ಕೇಳಿದರೆ “ಗ್ಯಾಸು” ಎಂದು ಹಾರಿಸುತ್ತಿದ್ದೆ.

ಹೆದರಿದವನಿಗೆ ಬುದ್ಧಿ ಜಾಸ್ತಿ ಓಡುತ್ತದೆ. ತಂಡದ ಸ್ಕೋರ್ ಪುಸ್ತಕ ನೋಡಿಕೊಳ್ಳುವುದು ನನ್ನ ಕೆಲಸವೇ ಆಗಿತ್ತು, ಸ್ಟೋರಿನವನಿಗೆ ಬರೆಯುವ ಚಟ ಉಂಟಲ್ಲ ಅಂತ ಕೂಯಾ ಕೊಟ್ಟದ್ದು. ಬ್ಯಾಟಿನಲ್ಲಿ ಹೊಡೆದದ್ದೆಲ್ಲ ಆ ಪುಸ್ತಕದಲ್ಲಿ ಕಾಣುತ್ತದೆ. ಆದರೆ ತಡೆದ ಚೆಂಡು? ನಾನು ಉರುಳಿ ಬಿದ್ದು ನಿಲ್ಲಿಸಿದ ಚೆಂಡಿಗೂ ಕಾಲ ಬುಡಕ್ಕೆ ತಾನೇ ಬಂದ ಚೆಂಡಿಗೂ ಒಂದೇ ಗುರುತು. ಗೋದಾಮಿನಲ್ಲಿಯೂ ಹೀಗೇ. ಮುರಿದ ಸಾಮಾನಿಗೆ ಕಾಗದ ಉಂಟು, ಮುರಿಯದ ಹಾಗೆ ಕಾಪಾಡಿದ್ದಕ್ಕೆ ಇಲ್ಲ. ನಾನು ಕೂಯಾನಿಗೆ ಹೇಳಿದೆ, ಹಿಂದಿನ ಪುಟದಲ್ಲಿ ಫೀಲ್ಡಿಂಗನ್ನು ಬೇರೆಯೇ ಬರೆಯುವ, ಆಗ ನ್ಯಾಯವಾಗಿ ಗೊತ್ತಾಗ್ತದೆ ಅಂತ. ಅವನು ಒಪ್ಪಿದ.

ಪ್ರತಿ ಸರದಿ ಮುಗಿದ ಮೇಲೆ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೆ. ಯಾರಿಗಾದರೂ ಸಿಗುವ ಚೆಂಡಿಗೆ ಚುಕ್ಕೆ. ಬೇರೆಯವನಿಗೆ ಸಿಗದೆ ನನಗೆ ಸಿಕ್ಕಿದ್ದಕ್ಕೆ ಸೊನ್ನೆ. ಬಿಟ್ಟದ್ದಕ್ಕೆ ಬಿಟ್ಟವನ ನಂಬರು. ಮೂರನೇ ಬೇಸಿನವನು ಐದು, ಶಾರ್ಟ್‌ಸ್ಟಾಪ್ ಆರು. ಮೊದಲ ವಾರ ಪ್ರಾಮಾಣಿಕವಾಗಿಯೇ ಬರೆದೆ. ಎರಡನೇ ವಾರ ಒಂದೆರಡು ಚುಕ್ಕೆಗಳು ಸೊನ್ನೆಯಾದವು. ಬೇರೆಯವನಿಗೆ ಅದು ಸಿಗುತ್ತಿತ್ತೋ ಇಲ್ಲವೋ, ಹೇಳುವವನು ನಾನೇ ಅಲ್ವಾ. ಬ್ಯಾಟಿನಲ್ಲಿ ನಾನು ಕಳೆದದ್ದನ್ನು ಸೊನ್ನೆಗಳು ತುಂಬಿಕೊಡುತ್ತವಾ ಅಂತ ಪ್ರತಿ ಶುಕ್ರವಾರ ಕೂಡಿಸಿ ಕಳೆದು ನೋಡುತ್ತಿದ್ದೆ. ಒಂದು ವಾರ ಹೌದು, ಒಂದು ವಾರ ಇಲ್ಲ.

ಮೂರನೇ ಬೇಸಿನವನು ರಜೆಯಿಂದ ಬರುವ ಮುಂಚಿನ ಕೊನೆಯ ಪಂದ್ಯ. ಕಾರಿನಲ್ಲಿ ಹೋಗುವಾಗ ಗದಗಿನವರು ನನ್ನನ್ನು ನೋಡಿ, “ಯಾಕ್ರಿ ಅಣ್ಣಾರ, ಮಾರಿ ಯಾಕ ಹಿಂಗ ಬಾಡೇತಿ?” ಎಂದು ಕೇಳಿದರು. ನಿದ್ದೆ ಇಲ್ಲ ಎಂದೆ. “ಏನೂ ಆಗೂದಿಲ್ಲ ಬಿಡ್ರಿ. ಆದ್ರ ಇಬ್ಬರಿಗೂ ಒಂದ ಆಗಲಿ” ಎಂದರು. ಅವರಿಗೂ ಸುದ್ದಿ ಗೊತ್ತಿತ್ತು. ಒಂದೇ ಕುರ್ಚಿಗೆ ಇಬ್ಬರಿದ್ದೇವೆ ಅಂತ ಇಬ್ಬರೂ ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ. ಅವರಿಗೆ ಒಂದು ಸೂಟ್‌ಕೇಸು ಕಟ್ಟಿದರೆ ಆಯ್ತು, ನಮ್ಮದು ಇಡೀ ಸಂಸಾರ ಅಂತ ನನ್ನ ಮನಸ್ಸು ದಾರಿಯುದ್ದಕ್ಕೂ ಹೇಳಿಕೊಳ್ಳುತ್ತಿತ್ತು. ಥೂ, ಎಂಥಾ ಯೋಚನೆ. ಆದರೂ ಬಂತು.

ಕೊನೆಯ ಸರದಿ. ನಾವು ಒಂದು ರನ್ನು ಮುಂದೆ. ಎದುರಿನವರಲ್ಲಿ ಇಬ್ಬರು ಬೇಸುಗಳಲ್ಲಿ ನಿಂತಿದ್ದರು, ಇನ್ನೊಬ್ಬ ಔಟಾದರೆ ಆಟ ನಮ್ಮದು. ಗಾಳಿ ಎದ್ದು ಧೂಳು ಹಾರುತ್ತಿತ್ತು. ನನ್ನ ಬಲಕ್ಕೆ ಮೂರನೇ ಬೇಸಿನಲ್ಲಿ ಗದಗಿನವರು. ಚೆಂಡು ನಮ್ಮಿಬ್ಬರ ನಡುವೆ ನೆಲ ಹಿಡಿದು ಬಂತು, ಜೋರಾಗಿ. ಅವರಿಗೆ ಒಂದು ಹೆಜ್ಜೆ, ನನಗೆ ಎರಡು.

“ನಂದು” ಎಂದು ಕೂಗಿದೆ.

ಅವರು ಬಿಟ್ಟರು. ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡರು. ಊರಿನಲ್ಲಿ ಕ್ರಿಕೆಟ್ ಆಡಿದ ಯಾರೇ ಆದರೂ ಹಾಗೇ ಮಾಡುತ್ತಿದ್ದರು. ಒಬ್ಬ ಕೂಗಿದ ಮೇಲೆ ಚೆಂಡು ಅವನದ್ದು, ಇನ್ನೊಬ್ಬ ಅಡ್ಡ ಬರಬಾರದು. ಆದರೆ ಕೂಯಾ ನಮಗೆ ಹೇಳಿಕೊಟ್ಟದ್ದು ಬೇರೆ. ಮೂರನೇ ಬೇಸಿನವನು ತನ್ನ ಕೈಗೆ ಎಟುಕಿದ್ದನ್ನು ಯಾರು ಕೂಗಿದರೂ ಬಿಡಬಾರದು, ಅವನಿಗೆ ಅದು ಹತ್ತಿರ. ನಾವಿಬ್ಬರೂ ಆ ಪಾಠ ತಿಂಗಳುಗಟ್ಟಲೆ ಕೇಳಿದವರು. ಕೂಗು ಕಿವಿಗೆ ಬಿದ್ದ ಹೊತ್ತಿಗೆ ಕೆಲಸ ಮಾಡಿದ್ದು ಮಾತ್ರ ಊರಿನ ಅಭ್ಯಾಸ.

ನಾನು ಗ್ಲವ್ಸು ಕೆಳಗಿಟ್ಟೆ. ಚೆಂಡು ಒಂದು ಜಲ್ಲಿಗೆ ತಾಗಿ ಎದ್ದಿತು. ಗದ್ದೆಯಲ್ಲಿ ಸಾವಿರ ಸಲ ಹಿಡಿದಂಥದ್ದೇ ಚೆಂಡು. ಅವತ್ತು ಅದು ನನ್ನ ಮುಖಕ್ಕೇ ಬರುತ್ತಿದೆ ಅನ್ನಿಸಿತು. ಕಣ್ಣು ಮುಚ್ಚಿ ಮುಖ ತಿರುಗಿಸಿದೆ. ಚೆಂಡು ಕೈಯ ಪಕ್ಕದಿಂದ ಹೋಯಿತು. ನೋಡುವಾಗ ಹಿಂದೆ ದೂರದಲ್ಲಿ ಉರುಳುತ್ತಿತ್ತು, ಬೇಸುಗಳಲ್ಲಿ ನಿಂತಿದ್ದ ಇಬ್ಬರೂ ಓಡಿ ಸುತ್ತು ಮುಗಿಸಿದ್ದರು. ಸೋತೆವು.

ಧೂಳಿನಲ್ಲಿ ಬೆಂಚಿನವರಿಗೆ ಕಂಡದ್ದು ನಮ್ಮಿಬ್ಬರ ನಡುವೆ ಚೆಂಡು ಹೋದದ್ದು ಮಾತ್ರ. “ನಂದು” ಎಂದದ್ದು ಅಲ್ಲಿ ಅರ್ಥವಾಗಿದ್ದು ಒಬ್ಬರಿಗೇ. ಆ ಗದಗಿನವರು ಆಗ ಕಾರಿನ ಡಿಕ್ಕಿಯಲ್ಲಿ ಬ್ಯಾಟುಗಳನ್ನು ಇಡುತ್ತಿದ್ದರು. ಕೂಯಾ ನನ್ನ ಪಕ್ಕ ಬಂದು ಕೂತ. “ಅದು ಯಾರ ಚೆಂಡು?” ಎಂದು ಕೇಳಿದ. ಪೆನ್ಸಿಲ್ ಕೈಯಲ್ಲಿತ್ತು. ಮಗಳ ಪುಸ್ತಕದ ಚೀಲ ಕಣ್ಣ ಮುಂದೆ ಬಂತು ಅಂತ ಹೇಳಿದರೆ ನನಗೇ ನನ್ನ ಮೇಲೆ ಸಿಟ್ಟು ಬರುತ್ತದೆ, ಆದರೆ ಬಂದದ್ದು ಹೌದು. ನಾನು ಐದು ಬರೆದೆ. ಕೂಯಾ ಬಗ್ಗಿ ನೋಡಿ, “ನಾನೂ ಹಾಗೇ ಅಂದುಕೊಂಡೆ. ಮೂರನೆಯವನು ತೆಗೆಯಬೇಕಿತ್ತು” ಎಂದು ಎದ್ದು ಹೋದ.

ಅದೇ ಕಾರಿನಲ್ಲಿ ಮನೆಗೆ ಬಂದೆ. ಅವರು ದಾರಿಯಲ್ಲಿ ಚಹಾ ಕುಡಿಸಿದರು.

ಮರುವಾರ ಮೂರನೇ ಬೇಸಿನವನು ಬಂದ. ಕೂಯಾ ನನ್ನನ್ನು ಇಟ್ಟುಕೊಂಡ, ಗದಗಿನವರನ್ನು ಬೆಂಚಿನಲ್ಲಿ ಕೂರಿಸಿದ. ಅದರ ಮರುವಾರ ಗೋದಾಮಿನ ಪಟ್ಟಿಯೂ ಬಂತು. ಉಳಿಯುವುದು ನಾನು. ಹೆಂಡತಿ ಫೋನಿನಲ್ಲಿ ಅಳುವುದಕ್ಕೆ ಸುರು ಮಾಡಿದಳು, ಸಂತೋಷಕ್ಕೆ. ನನಗೆ ಮಾತ್ರ ಹೆದರಿಕೆ ಮೊದಲಿಗಿಂತ ಹೆಚ್ಚಾಯಿತು. ನನ್ನ ಒಂದು ಅಂಕಿಯಿಂದ ಒಬ್ಬ ಮನುಷ್ಯನ ಅನ್ನ ಹೋಯಿತು. ಯಾರಾದರೂ ಕೇಳಿದರೆ? ಅವರೇ ಕೂಯಾನಿಗೆ ಹೇಳಿದರೆ?

ತಡೆಯಲಾರದೆ ಕೂಯಾನ ಹತ್ತಿರ ಹೋದೆ. ಪಟ್ಟಿ ಮಾಡಿದ್ದು ಯಾಕೆ ಹಾಗೆ ಎಂದು ಕೇಳಿದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ. “ನನ್ನನ್ನು ಯಾರು ಕೇಳುತ್ತಾರೆ ಭಾಯಿ? ಆಫೀಸಿನವರು ಹೋದ ತಿಂಗಳೇ ಮಾಡಿಟ್ಟಿದ್ದರು. ಯಾರ ಇಕಾಮಾ ಮೊದಲು ಮುಗಿಯುತ್ತದೋ ಅವನು ಹೊರಗೆ. ಖಲಾಸ್. ಅವನದ್ದು ನಿನ್ನದಕ್ಕಿಂತ ಮೊದಲು ಮುಗಿಯುತ್ತಿತ್ತು.”

ಹೋದ ತಿಂಗಳು. ಅಂದರೆ ನಾನು ಆ ಐದು ಬರೆಯುವ ಮೊದಲೇ. ಎದೆಯಿಂದ ಭಾರ ಇಳಿಯಬೇಕಿತ್ತು. ಇಳಿಯಲಿಲ್ಲ. ಆರು ಎಂದು ಬರೆದಿದ್ದರೂ ನಾನು ಉಳಿಯುತ್ತಿದ್ದೆ, ಅಷ್ಟೇ ಗೊತ್ತಾಯಿತು.

ಅವರು ಹೋಗುವ ದಿನ ಏರ್‌ಪೋರ್ಟಿಗೆ ಬಿಡಲಿಕ್ಕೆ ನಾನೇ ಹೋದೆ. ಅವರ ಕಾರನ್ನು ರೂಮಿನವರೊಬ್ಬರು ತೆಗೆದುಕೊಂಡಿದ್ದರು, ಅದರಲ್ಲೇ ಹೋದದ್ದು. ಸೂಟ್‌ಕೇಸು ಒಂದೇ. ದಾರಿಯಲ್ಲಿ ಹೇಳಿಬಿಡುತ್ತೇನೆ ಅಂತ ಮನೆಯಿಂದಲೇ ಮಾತು ಜೋಡಿಸಿಕೊಂಡು ಹೊರಟಿದ್ದೆ. ಪ್ರತಿ ಸಿಗ್ನಲಿನಲ್ಲಿ ಬಾಯಿ ತೆರೆದೆ, ಪ್ರತಿ ಸಿಗ್ನಲಿನಲ್ಲಿ ಹಸಿರು ಬಂತು.

ಬಾಗಿಲ ಹತ್ತಿರ ಅವರೇ ನಿಂತರು. “ಒಂದು ಮಾತು ಮನಸ್ಸಿನ್ಯಾಗ ಉಳದೈತ್ರಿ ಅಣ್ಣಾರ. ಅವತ್ತಿನ ಆ ಚೆಂಡು. ಕೂಯಾ ಪುಸ್ತಕ ತೋರಿಸಿದ. ನೀವು ಬರದಿದ್ದು ಬರೋಬ್ಬರಿ ಐತಿ. ಅಂವ ಎಷ್ಟು ಸಲ ಹೇಳಿಕೊಟ್ಟಿದ್ದ, ಕೈಗೆ ಸಿಗೂದನ್ನ ಬಿಡಬ್ಯಾಡ ಅಂತ. ನಾನ ಬಿಟ್ಟೆ. ನಿಮ್ಮ ಮಾರಿಗೆ ಬಡೀತಿತ್ತು ಅದು. ನನ್ನ ತಪ್ಪಿಗೆ ನಿಮಗ ಪೆಟ್ಟಾಗಿದ್ರ ಏನ್ ಗತಿ?” ಎಂದು ನನ್ನ ಎರಡೂ ಕೈ ಹಿಡಿದುಕೊಂಡರು.

ನಾನು “ಪರವಾಗಿಲ್ಲ” ಎಂದೆ. ಇಷ್ಟೇ ಹೇಳಿದೆ. ಅವರು ಒಳಗೆ ಹೋದರು.

ಮಗಳು ಪರೀಕ್ಷೆ ಬರೆದಳು, ಪಾಸಾದಳು. ನಾನು ಈಗಲೂ ಪ್ರತಿ ಶುಕ್ರವಾರ ಅದೇ ಜಾಗದಲ್ಲಿ ನಿಲ್ಲುತ್ತೇನೆ. ಬ್ಯಾಟು ಹಾಗೇ ಉಂಟು, ಏನೂ ಸುಧಾರಿಸಿಲ್ಲ. ಯಾರಾದರೂ ಇವನನ್ನು ಯಾಕೆ ಇಟ್ಟುಕೊಂಡಿದ್ದೀರಿ ಎಂದು ಕೇಳಿದರೆ ಕೂಯಾ ಪುಸ್ತಕದ ಹಿಂದಿನ ಪುಟ ತೆರೆದು ತೋರಿಸುತ್ತಾನೆ. ಅದರಲ್ಲಿ ಇಷ್ಟು ಸೊನ್ನೆ ನೋಡಿ, ಬಿಟ್ಟದ್ದು ಒಂದೂ ಇಲ್ಲ ನೋಡಿ ಎನ್ನುತ್ತಾನೆ. ಅವನು ಪುಟ ತಿರುಗಿಸುವಾಗಲೆಲ್ಲ ನಾನು ಬಗ್ಗಿ ಶೂವಿನ ಲೇಸು ಬಿಚ್ಚಿ ಕಟ್ಟುತ್ತೇನೆ. ಆ ಐದು ಅಲ್ಲೇ ಉಂಟು. ರಬ್ಬರು ನನ್ನ ಚೀಲದಲ್ಲೇ ಉಂಟು.

ನನ್ನ ಬಲಕ್ಕೆ ಈಗ ನಿಲ್ಲುವವನಿಗೆ ಕನ್ನಡ ಬರುವುದಿಲ್ಲ. ಚೆಂಡು ನಮ್ಮಿಬ್ಬರ ನಡುವೆ ಬಂದಾಗ ನಾನು ಏನೂ ಕೂಗುವುದಿಲ್ಲ.