ದ್ಯಾಮಮ್ಮನ ಕೈತುತ್ತು

ಶಿಕಾರಿಪುರದ ಪಶು ಆಸ್ಪತ್ರೆಯ ರಸ್ತೆಯಲ್ಲಿ ಹಿಂಡಿ ಬೂಸದ ಅಂಗಡಿ ಇಟ್ಟುಕೊಂಡು ಕೂತವಳು ನಾನು, ರಾಜೇಶ್ವರಮ್ಮ. ಮೊದಲು ನನ್ನಲ್ಲಿ ಹತ್ತಿಕಾಳು ಹಿಂಡಿ, ಹಗ್ಗ, ಕೊರಳಗಂಟೆ ಇಷ್ಟೇ ಇರುತ್ತಿದ್ದವು. ಈಗ ನಾಯಿಯ ಬಿಸ್ಕತ್ತು, ನಾಯಿಯ ಶಾಂಪೂ, ನಾಯಿ ಕಡಿಯಲೆಂದೇ ಮಾಡಿದ ಪ್ಲಾಸ್ಟಿಕ್ ಮೂಳೆ ಎಲ್ಲವೂ ಇವೆ. "ನಮ್ಮ ಟಾಮಿ ಅನ್ನ ಮೂಸೂದೂ ಇಲ್ಲ ರೀ, ಚಿಕನ್ನೇ ಆಗ್ಬೇಕು" ಎಂದು ಹೆಮ್ಮೆಪಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆದರೂ ಮಾರುವುದನ್ನು ಮಾರುತ್ತೇನೆ, ಬೈಯುವುದನ್ನು ಮನಸ್ಸಿನಲ್ಲೇ ಬೈದುಕೊಳ್ಳುತ್ತೇನೆ.

ದ್ಯಾಮಮ್ಮ ಆ ಪೈಕಿಯವಳಲ್ಲ. ಅವಳೂ ಅವಳ ಗಂಡ ಸಣ್ಣಬೀರಪ್ಪನೂ ಒಂದಿಷ್ಟು ಹೊಲ, ಒಂದು ಹಿಂಡು ಕುರಿ ಇಟ್ಟುಕೊಂಡು ಬದುಕಿದವರು. ಕುರಿಗಳ ಕಾಲುಹುಣ್ಣಿನ ಔಷಧಿಗೆ ಊರಿಂದ ಬಂದಾಗಲೆಲ್ಲ ಅವಳ ಹಿಂದೆ ಒಂದು ಬಡಕಲು ಹೆಣ್ಣು ನಾಯಿ ಬರುತ್ತಿತ್ತು. ಉದ್ದ ಕಾಲು, ಒಣಹುಲ್ಲಿನ ಬಣ್ಣ. ಜಿಂಕೆಯಂತಿದೆ ಎಂದು ಚಿಗರಿ ಎಂದೇ ಹೆಸರು. ಅದರ ಕೊರಳಿಗೆ ಹಗ್ಗ ಬಿದ್ದದ್ದನ್ನು ನಾನು ಕಂಡಿರಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಕೂತು, ಅವಳು ಹೊರಡುವ ತನಕ ಅವಳ ಕಾಲನ್ನೇ ನೋಡುತ್ತಿತ್ತು.

ಮೊದಲ ಸಲ ನಾನು ಅದಕ್ಕೊಂದು ಬಿಸ್ಕತ್ತು ಎಸೆದೆ. ಅದು ಮುಖವನ್ನೇ ತಿರುಗಿಸಿತು. ನನಗೆ ಅವಮಾನವಾಯಿತು, ಸುಳ್ಳು ಯಾಕೆ ಹೇಳಲಿ. "ಏನವ್ವಾ, ನಿನ್ನ ನಾಯಿಗೂ ಚಿಕನ್ನೇ ಬೇಕಾ" ಎಂದೆ.

"ಹಂಗಲ್ರೀ ಅಕ್ಕಾ. ಬ್ಯಾರೆಯವ್ರ ಕೈಯಾಗಿಂದು ತಿನ್ನಂಗಿಲ್ಲ ಅದು. ನಾನಾ ಕಲಿಸೀನಿ" ಎಂದಳು.

ಇದಕ್ಕೆ ಮೊದಲು ಅವರಲ್ಲಿ ಇನ್ನೊಂದು ನಾಯಿ ಇತ್ತಂತೆ. ಕುರಿಗಳ್ಳರು ಮಾಂಸದ ತುಂಡಿಗೆ ವಿಷ ಸವರಿ ಎಸೆದಿದ್ದರು. ಬೆಳಗ್ಗೆ ಎದ್ದರೆ ದೊಡ್ಡಿಯ ಬಾಗಿಲಲ್ಲಿ ನಾಯಿ ಸತ್ತು ಬಿದ್ದಿತ್ತು, ಒಳಗೆ ಅರ್ಧ ಹಿಂಡು ಇರಲಿಲ್ಲ. ಆಮೇಲೆ ತಂದ ಮರಿ ಈ ಚಿಗರಿ. ಅದಕ್ಕೆ ಹಸಿವಾದ ಹೊತ್ತು ನೋಡಿ ದ್ಯಾಮಮ್ಮ ಅಕ್ಕಪಕ್ಕದವರ ಕೈಗೆ ಖಾರದ ಪುಡಿ ಕಲಸಿದ ರೊಟ್ಟಿ ಕೊಟ್ಟು ತಿನ್ನಿಸುತ್ತಿದ್ದಳು. ಮರಿ ಬಾಯಿ ಉರಿದು ಕುಂಯ್‌ಗುಡುತ್ತ ಓಡಿ ಬಂದರೆ ತಾನು ಹಾಲಿನಲ್ಲಿ ನೆನೆಸಿದ ತುತ್ತು ಕೊಡುತ್ತಿದ್ದಳು. ಕೆಲವೇ ದಿನಗಳಲ್ಲಿ ಮರಿಗೆ ಲೋಕ ಎರಡು ಪಾಲಾಯಿತು. ದ್ಯಾಮಮ್ಮನ ಕೈ ಒಂದು, ಉಳಿದ ಕೈಗಳೆಲ್ಲ ಇನ್ನೊಂದು. ಸಣ್ಣಬೀರಪ್ಪ ಕೊಟ್ಟರೂ ಅದು ಒಮ್ಮೆ ಅವಳ ಮುಖ ನೋಡಿಯೇ ಬಾಯಿ ಹಾಕುತ್ತಿತ್ತು. ಕುರಿಯವರಲ್ಲಿ ಇದು ಹೊಸ ವಿದ್ಯೆಯಲ್ಲ. ಹೀಗೆ ಕಲಿತ ನಾಯಿಗೆ ಅವರಲ್ಲಿ ಮನೆಮಗಳ ಮರ್ಯಾದೆ.

ಕಳೆದ ಬೇಸಿಗೆಯಲ್ಲಿ ಸಣ್ಣಬೀರಪ್ಪ ಕುರಿಮರಿಗಳಿಗೆ ಸೊಪ್ಪು ಕಡಿಯಲು ಮರ ಹತ್ತಿ ಬಿದ್ದ. ಸೊಂಟದ ಮೂಳೆ ಮುರಿಯಿತು. ಶಿವಮೊಗ್ಗಕ್ಕೆ ಒಯ್ಯಿರಿ, ಆಪರೇಷನ್ ಆಗಬೇಕು ಎಂದರು. ಜೊತೆಗೆ ದ್ಯಾಮಮ್ಮ ಇರಲೇಬೇಕು. ಕುರಿಗಳನ್ನು ಮೈದುನ ಗುಡ್ಡಪ್ಪ ತನ್ನ ಹಿಂಡಿಗೆ ಸೇರಿಸಿಕೊಂಡ. ಚಿಗರಿಯನ್ನು ಸೇರಿಸಿಕೊಳ್ಳುವಂತಿರಲಿಲ್ಲ. ಅವನ ಹಿಂಡಿನಲ್ಲಿ ಎರಡು ಗಂಡು ಬೇಟೆನಾಯಿಗಳಿದ್ದವು, ಹೊರಗಿನದನ್ನು ಹರಿದು ಹಾಕುವಂಥವು. ಮನೆಯಲ್ಲೇ ಬಿಡೋಣವೆಂದರೆ ಅದು ಖಾಲಿ ದೊಡ್ಡಿಯ ಹತ್ತಿರ ಹಾಯುವವರ ಮೇಲೆ ಎಗರುತ್ತಿತ್ತು. ಊರವರು ಕಲ್ಲು ಎತ್ತಿಕೊಂಡಿದ್ದರು.

ಮಗಳು ಸುಷ್ಮಿತಾ ಇಲ್ಲೇ ಶಿಕಾರಿಪುರದಲ್ಲಿ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಾಳೆ. ಅವಳು ಮೊಬೈಲಿನಲ್ಲಿ ಹುಡುಕಿ ಸೊರಬದ ರಸ್ತೆಯಲ್ಲಿ ನಾಯಿಗಳನ್ನು ಇಟ್ಟುಕೊಳ್ಳುವ ಜಾಗ ಪತ್ತೆ ಮಾಡಿದಳು. ನಡೆಸುವವನು ಪ್ರದೀಪ್, ಉಳವಿ ಕಡೆಯವನು. ಹಿಂದೆ ಬ್ರಾಯ್ಲರ್ ಕೋಳಿ ಸಾಕಿದ ಶೆಡ್ಡಿಗೆ ಜಾಲರಿ ಹೊಡೆಸಿ ಗೂಡು ಮಾಡಿದ್ದಾನೆ. ಮದುವೆ, ತಿರುಪತಿ ಎಂದು ಹೊರಡುವವರು ತಮ್ಮ ನಾಯಿಗಳನ್ನು ಅಲ್ಲಿ ಬಿಡುತ್ತಾರೆ. ಅವನು ನಾಯಿಗಳಿಗೆ ತಿನಿಸು ಒಯ್ಯುವುದು ನನ್ನ ಅಂಗಡಿಯಿಂದಲೇ. ಕೆಟ್ಟವನಲ್ಲ. ಅವನನ್ನು ಕೆಟ್ಟವನೆಂದು ಹೇಳುವಂತಿದ್ದರೆ ನನಗೂ ಒಂದಿಷ್ಟು ಸಮಾಧಾನ ಆಗುತ್ತಿತ್ತು.

ಚಿಗರಿಯನ್ನು ಒಪ್ಪಿಸಿದ್ದು ನನ್ನ ಅಂಗಡಿಯ ಮುಂದೆ. ದ್ಯಾಮಮ್ಮನೇ ಕೈಯಾರೆ ಹಗ್ಗ ಕಟ್ಟಿದಳು. ಅವಳ ಕೈಯೆಂದು ಅದು ಅಲುಗದೆ ನಿಂತಿತು.

"ಅಣ್ಣಾರ, ಇದು ಯಾರ್ ಕೊಟ್ರೂ ತಿನ್ನಂಗಿಲ್ರೀ" ಎಂದಳು.

ಪ್ರದೀಪ್ ನಕ್ಕ. "ಎಲ್ರೂ ಹಂಗೇ ಹೇಳೂದು ದ್ಯಾಮಮ್ಮ. ಮೊದಲ ದಿನ ಮೂಸೂದಿಲ್ಲ. ಆಮೇಲೆ ಹಸಿವು ತಡೀದೆ ತಟ್ಟೆ ಸಮೇತ ನೆಕ್ತಾವೆ. ನೀವು ಯಜಮಾನ್ರನ್ನ ನೋಡ್ಕಳಿ."

ಅವನ ಮಾತು ಸುಳ್ಳಲ್ಲ. ತಂದು ಬಿಡುವವರೆಲ್ಲ ತಮ್ಮ ನಾಯಿ ತಮ್ಮನ್ನು ಬಿಟ್ಟು ಬದುಕುವುದೇ ಇಲ್ಲ ಎನ್ನುತ್ತಾರೆ. ವಾಪಸ್ ಬಂದಾಗ ನಾಯಿ ಗುಂಡಗಾಗಿರುತ್ತದೆ. ಅಷ್ಟು ಜನರ ಜಂಬದ ಮಾತು ಕೇಳಿದ ಕಿವಿಗೆ ಒಂದು ನಿಜ ಬೇರೆಯಾಗಿ ಕೇಳಿಸಲಿಲ್ಲ. ದ್ಯಾಮಮ್ಮನಿಗೂ ಹಸಿವಿನ ಮೇಲೆ ನಂಬಿಕೆ ಇತ್ತೋ ಏನೋ. ತನ್ನ ಕಂಬಳಿಯನ್ನು ನಾಯಿಯ ಜೊತೆ ಇರಲಿ ಎಂದು ಕೊಟ್ಟು, ಆಂಬುಲೆನ್ಸಿನಲ್ಲಿ ಮುಂದೆ ಹೋಗಿದ್ದ ಗಂಡನ ಹಿಂದೆಯೇ ಶಿವಮೊಗ್ಗದ ಬಸ್ಸು ಹತ್ತಿದಳು.

ಚಿಗರಿ ತಿನ್ನಲಿಲ್ಲ. ಪ್ರದೀಪ್ ಅನ್ನಕ್ಕೆ ಕೋಳಿ ಬೇಯಿಸಿ ಹಾಕಿದ, ಮೊಟ್ಟೆ ಇಟ್ಟ, ಹಾಲು ಇಟ್ಟ. ಅದು ತಟ್ಟೆಗೆ ಬೆನ್ನು ಹಾಕಿ ಕಂಬಳಿಯ ಮೇಲೆ ಮಲಗಿತು. ಕೆರೆ, ಹಳ್ಳಗಳಲ್ಲಿ ನೀರು ಕುಡಿದು ಬೆಳೆದ ಪ್ರಾಣಿಗೆ ಅಲ್ಲಿಯ ಸ್ಟೀಲ್ ಬಟ್ಟಲೂ ಪರರ ಕೈಯೇ ಆಯಿತು. ಮೂತಿ ಒದ್ದೆ ಮಾಡಿಕೊಳ್ಳುವಷ್ಟು ಮಾತ್ರ ನೀರು ಮುಟ್ಟಿತು. ಶೀಟಿನ ಮಾಡಿನ ಕೆಳಗೆ ಏಪ್ರಿಲ್ ತಿಂಗಳ ಧಗೆ ಹೇಗಿರುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ಪ್ರದೀಪ್ ಹೆದರಿ ದ್ಯಾಮಮ್ಮನಿಗೆ ಫೋನ್ ಮಾಡಿದ. ಅವಳು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಯೋಚಿಸಿದಳು. ಕುರಿಯವಳಿಗೆ ಹೊಳೆದದ್ದು ಕುರಿಯ ಉಪಾಯ. ಒಂದು ಕುರಿಯ ಮರಿ ಸತ್ತು, ಇನ್ನೊಂದು ಮರಿ ತಬ್ಬಲಿಯಾಗಿದ್ದರೆ, ಸತ್ತ ಮರಿಯ ಚರ್ಮವನ್ನು ತಬ್ಬಲಿಗೆ ಹೊದಿಸಿ ಆ ಕುರಿಯ ಮುಂದೆ ಬಿಡುತ್ತಾರೆ. ಕುರಿ ಮೂಸಿ ನೋಡಿ, ತನ್ನದೇ ಎಂದು ಹಾಲು ಕೊಡುತ್ತದೆ. ಎಷ್ಟೋ ಮರಿಗಳನ್ನು ಅವಳು ಹಾಗೆ ಉಳಿಸಿದ್ದಳು.

"ಅಣ್ಣಾರ, ನನ್ ಕಂಬ್ಳಿ ಹೊದ್ಕೊಂಡು ಒಳಗ ಹೋಗ್ರಿ. ನನ್ ವಾಸ್ನಿ ಬಂದ್ರ ತಿಂತೈತಿ" ಎಂದಳು.

ಅವಳು ಮರೆತದ್ದು ಒಂದೇ ಒಂದು ಸಂಗತಿ. ಕುರಿ ಮೇಯಿಸುವಾಗ ಕಂಬಳಿಯನ್ನೂ ಬುತ್ತಿಯನ್ನೂ ಹೊಲದ ಬದುವಿನ ಮೇಲಿಟ್ಟು ಹೋಗುತ್ತಿದ್ದವಳು ಅವಳೇ. ಅದನ್ನು ಕಾಯುತ್ತಿದ್ದದ್ದು ಚಿಗರಿ. ಕಂಬಳಿಗೆ ಕೈ ಹಾಕಿದವರನ್ನು ಹಿಡಿ ಎಂದು ಕಲಿಸಿದವಳೂ ಅವಳೇ. ಗಂಡನ ಆಪರೇಷನ್ನಿನ ಚಿಂತೆಯಲ್ಲಿ, ಫಿನಾಯಿಲ್ ವಾಸನೆಯ ನಡುವೆ ಕೂತವಳಿಗೆ ಅದು ನೆನಪಾಗಲಿಲ್ಲ. ಪ್ರದೀಪ್ ಪಾಪ, ಹೇಳಿದಂತೆ ಮಾಡಿದ. ಚಿಗರಿ ಮಲಗಿದ್ದ ಕಂಬಳಿಯನ್ನು ಮೆಲ್ಲಗೆ ಎಳೆದು, ಹೊದ್ದುಕೊಂಡು, ತಟ್ಟೆ ಹಿಡಿದು ಬಗ್ಗಿದ. ಉಪವಾಸ ಬಿದ್ದಿದ್ದ ನಾಯಿಗೆ ಅಷ್ಟು ಶಕ್ತಿ ಎಲ್ಲಿತ್ತೋ, ಅವನ ಮುಂಗೈಯನ್ನು ಕಚ್ಚಿ ಹಿಡಿಯಿತು. ಬಿಡಿಸಿಕೊಳ್ಳುವುದೇ ಕಷ್ಟವಾಯಿತು.

ಮಾರನೆಯ ದಿನ ಕೈಗೆ ಬಟ್ಟೆ ಸುತ್ತಿಕೊಂಡು ಅಂಗಡಿಗೆ ಬಂದ ಪ್ರದೀಪನ ಮುಖ ಇಳಿದಿತ್ತು. ಅವನು ಕರೆಸಿದ್ದ ಖಾಸಗಿ ಪಶುವೈದ್ಯರು ಜಾಲರಿಯ ಹೊರಗೆ ನಿಂತೇ ಕೇಳಿದ್ದರು. ಆಹಾರ ಬಿಟ್ಟಿದೆಯೇ? ಬಿಟ್ಟಿದೆ. ನೀರು? ಇಲ್ಲ. ಕಚ್ಚಿದೆಯೇ? ಕಚ್ಚಿದೆ. ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿದ್ದಾರೆಯೇ? ಅದು ಯಾರಿಗೆ ಗೊತ್ತು. ದ್ಯಾಮಮ್ಮನ ಮನೆಯವರು ಕುರಿಗಳಿಗೆ ಅವುಗಳ ಚುಚ್ಚುಮದ್ದನ್ನು ವರ್ಷವರ್ಷ ಹಾಕಿಸುತ್ತಿದ್ದರು, ನಾಯಿಗೂ ಒಂದು ಹಾಕಿಸಬೇಕೆಂದು ಅವರಿಗೆ ಹೊಳೆದಿರಲಿಲ್ಲ.

"ಹತ್ರ ಹೋಗ್ಬೇಡಿ, ಗಮನಿಸಿ ಅಂದ್ರು ಕಣಮ್ಮ. ಡ್ರಿಪ್ ಹಾಕಿ ಅಂದೆ. ಅದನ್ನ ಹಿಡಿಯೋರ್ಯಾರು ಅಂದ್ರು. ನಂಗೂ ಇಂಜೆಕ್ಷನ್ ಶುರು ಮಾಡಿದಾರೆ" ಎಂದ ಪ್ರದೀಪ್.

"ಅದಕ್ಕೆ ಹುಚ್ಚು ಇಲ್ಲ ಮಾರಾಯ, ಹಸಿವು" ಎಂದೆ.

"ನಂಗೂ ಹಂಗೇ ಅನ್ಸುತ್ತೆ. ಆದ್ರೆ ಅನ್ಸಿಕೆ ನೆಚ್ಚಿಕೊಂಡು ಒಳಗೆ ಹೋಗೂಕೆ ಧೈರ್ಯ ಸಾಲೂದಿಲ್ಲ. ಮನೇಲಿ ಸಣ್ಣ ಮಕ್ಕಳಿದಾರೆ."

ನನಗೆ ವೈದ್ಯರ ಮೇಲೆ ಸಿಟ್ಟು ಬಂತು. ಆದರೆ ಅವರ ಜಾಗದಲ್ಲಿ ನಾನಿದ್ದರೆ ಅಷ್ಟು ಹತ್ತಿರವೂ ಹೋಗುತ್ತಿರಲಿಲ್ಲ. ದ್ಯಾಮಮ್ಮ ಬಂದು ಒಂದು ತುತ್ತು ಕೊಟ್ಟರೆ ನಾಯಿ ಉಳಿಯುತ್ತದೆ ಎಂಬುದು ನಮಗೆಲ್ಲ ಗೊತ್ತಿತ್ತು. ಹಾಸ್ಟೆಲಿನಲ್ಲಿರುವ ಸುಷ್ಮಿತಾಳ ಕೈಯೂ ಚಿಗರಿಗೆ ಹೊರಗಿನದೇ. ದ್ಯಾಮಮ್ಮ ಬರುವಂತಿರಲಿಲ್ಲ. ಅಂದೇ ಸಣ್ಣಬೀರಪ್ಪನನ್ನು ಆಪರೇಷನ್ನಿಗೆ ಒಳಗೆ ಒಯ್ದಿದ್ದರು. ನಾನು ಸುಷ್ಮಿತಾಳನ್ನು ಕರೆಸಿ, ಅವ್ವನಿಗೆ ಹೇಳು ಎಂದೆ.

ಹುಡುಗಿ ಅತ್ತಳು. "ಈಗ ಹ್ಯಾಂಗ್ ಹೇಳ್ಲಿ ಆಂಟಿ? ಅಪ್ಪಗ ರಕ್ತ ಏರಸ್ತಿದಾರ. ಅವ್ವ ಇದನ್ನ ಕೇಳಿದ್ರ ಎರಡೂ ಕಡಿ ಸಾಯ್ತಾಳ. ನೀವಾಗ್ಲಿ ಪ್ರದೀಪಣ್ಣಾಗ್ಲಿ ಹೇಳಬ್ಯಾಡ್ರಿ."

ತಾಯಿ ಕೇಳಿದಾಗಲೆಲ್ಲ ಅವಳು "ತಿನ್ನಾಕ್ ಹತ್ತೈತಿ, ಆರಾಮೈತಿ" ಎಂದಳು. ದ್ಯಾಮಮ್ಮ ಕಂಬಳಿಯ ಉಪಾಯ ಫಲಿಸಿತೆಂದು ಪಕ್ಕದ ಮಂಚದವರಿಗೆಲ್ಲ ಹೇಳಿಕೊಂಡಳಂತೆ.

ಸಣ್ಣಬೀರಪ್ಪ ಕಣ್ಣು ಬಿಟ್ಟು ಗಂಜಿ ಕುಡಿದ ದಿನ ಸುಷ್ಮಿತಾ ನಿಜ ಹೇಳಿದಳು. ದ್ಯಾಮಮ್ಮ ಗಂಡನನ್ನು ನರ್ಸಮ್ಮನ ಕೈಗೆ ಒಪ್ಪಿಸಿ ಸಿಕ್ಕ ಬಸ್ಸು ಹತ್ತಿದಳು. ನಾನು ಅಂಗಡಿಗೆ ಬಾಗಿಲು ಹಾಕಿ ಬಸ್ ಸ್ಟ್ಯಾಂಡಿನಲ್ಲಿ ಕಾದಿದ್ದೆ. ಇಬ್ಬರೂ ಆಟೋದಲ್ಲಿ ಹೊರಟೆವು. ಅವಳ ಮಡಿಲಲ್ಲಿ ಹಾಲಲ್ಲಿ ನೆನೆಸಿದ ರೊಟ್ಟಿಯ ಡಬ್ಬಿ ಇತ್ತು.

ಚಿಗರಿ ಬೆಳಗ್ಗೆಯೇ ಸತ್ತಿತ್ತು. ಕಚ್ಚಿದ ನಾಯಿ ಸತ್ತರೆ ಮೆದುಳಿನ ಪರೀಕ್ಷೆ ಆಗಬೇಕಂತೆ. ತಲೆಯನ್ನು ಕತ್ತರಿಸಿ ಐಸ್ ಡಬ್ಬಿಯಲ್ಲಿಟ್ಟು ಆಗಲೇ ಕಳಿಸಿಬಿಟ್ಟಿದ್ದರು. ಶೆಡ್ಡಿನ ಹಿಂದೆ ಗೋಣಿಚೀಲದಲ್ಲಿ ಉಳಿದದ್ದು ಇತ್ತು. ಪ್ರದೀಪ್ ಅದನ್ನು ಹೇಳಲಾರದೆ ಹೇಳಿದ. ದ್ಯಾಮಮ್ಮ ಚೀಲದ ಬಾಯಿ ಬಿಚ್ಚಿ ಉದ್ದನೆಯ ಕಾಲುಗಳನ್ನು ಸವರಿದಳು.

"ತಿನ್ನಸಾಕ್ ಬಾಯಿನೂ ಉಳಿಸ್ಲಿಲ್ಲಲ್ರೀ" ಎಂದಳು. ಅಷ್ಟೇ. ನಾನು ಅಳುವುದು ಕಡಿಮೆ. ಅವತ್ತು ಅತ್ತೆ.

ಊರಿಗೆ ಒಯ್ದು ದೊಡ್ಡಿಯ ಬಾಗಿಲಲ್ಲಿ ಕಂಬಳಿ ಸುತ್ತಿ ಹೂಳಿದರು. ಪರೀಕ್ಷೆಯ ಫಲ ಪ್ರದೀಪನ ಮೊಬೈಲಿಗೆ ಬಂತು. ಹುಚ್ಚು ಇರಲಿಲ್ಲ. ನಾನು ಅದನ್ನು ಸಮಾಧಾನದ ಮಾತೆಂದುಕೊಂಡು ದ್ಯಾಮಮ್ಮನಿಗೆ ಹೇಳಿದೆ, ನನ್ನ ಬುದ್ಧಿಗಿಷ್ಟು.

"ನಂಗ್ ಗೊತ್ತಿತ್ತಲ್ರೀ ಅಕ್ಕಾ. ಹುಚ್ಚಾದ್ರೂ ಇದ್ದಿದ್ರ ಅದರ ತಪ್ಪಾದ್ರೂ ಇರ್ತಿತ್ತು. ನಾ ಹೇಳಿಕೊಟ್ಟದ್ದನ್ನ ಮಾಡ್ಕೋತ ಸತ್ತೈತಿ ಅದು" ಎಂದಳು.

ಮಳೆ ಹಿಡಿಯಿತು. ಸಣ್ಣಬೀರಪ್ಪ ಕೋಲೂರಿ ನಡೆಯತೊಡಗಿದ. ಕುರಿಗಳು ದೊಡ್ಡಿಗೆ ವಾಪಸ್ ಬಂದವು. ನಾಯಿ ಇಲ್ಲದೆ ಹಿಂಡು ಉಳಿಯುವುದಿಲ್ಲವೆಂದು ಗುಡ್ಡಪ್ಪ ಒಂದು ಮರಿ ತಂದು ಕೊಟ್ಟ. ಮೊನ್ನೆ ದ್ಯಾಮಮ್ಮ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಅಂಗಡಿಗೆ ಬಂದಳು. ಅವಳೂ ಸೊರಗಿದ್ದಳು. ಮರಿಯನ್ನು ಮೆಟ್ಟಿಲ ಮೇಲಿಟ್ಟು "ಒಂದ್ ಬಿಸ್ಕತ್ ಕೊಡ್ರಿ ಅಕ್ಕಾ, ಹಸದೈತಿ" ಎಂದಳು. ನಾನು ಪೊಟ್ಟಣ ಒಡೆದು ಅವಳ ಕಡೆ ಚಾಚಿದೆ. ಅವಳು ಕೈಗಳನ್ನು ಹಿಂದಕ್ಕೆ ತೆಗೆದುಕೊಂಡಳು.

"ನನ್ ಕೈಯಾಗ ಬ್ಯಾಡ್ರಿ. ನೀವಾ ತಿನ್ನಸ್ರಿ."

ಬರುವ ದಾರಿಯಲ್ಲಿ ಬಸ್ಸಿನ ಕಂಡಕ್ಟರನ ಕೈಯಲ್ಲಿ, ಹೂ ಮಾರುವವಳ ಕೈಯಲ್ಲಿ, ಗುರುತಿಲ್ಲದವರ ಕೈಯಲ್ಲೂ ಒಂದೊಂದು ತುಂಡು ತಿನ್ನಿಸಿಕೊಂಡು ಬಂದಿದ್ದಳು. ಮನೆಯಲ್ಲೂ ಅದಕ್ಕೆ ತಿನ್ನಿಸಲು ಪಕ್ಕದವರನ್ನು ಬೇಡಿ ಕರೆಯುತ್ತಾಳಂತೆ.

"ಕಂಡವ್ರ ಕೈಯಲ್ಲೆಲ್ಲ ತಿಂದ್ರೆ ನಾಳೆ ದೊಡ್ಡಿ ಕಾಯೋದು ಯಾರವ್ವಾ?" ಎಂದೆ.

"ಕುರಿ ಹೋದ್ರ ಹೋಗ್ಲಿ ಬಿಡ್ರಿ. ನನ್ ಕೈ ರುಚಿ ಇದಕ್ಕ ಹತ್ತೂದು ಬ್ಯಾಡ."

ಮರಿ ನನ್ನ ಬೆರಳಿಂದ ಬಿಸ್ಕತ್ತು ಕಿತ್ತುಕೊಂಡು ತಿಂದಿತು. ತಿಂದು ಮುಗಿಸಿ ತಡವರಿಸುತ್ತ ಅವಳ ಹತ್ತಿರ ಹೋಗಿ ಕಾಲ್ಬೆರಳು ನೆಕ್ಕತೊಡಗಿತು. ದ್ಯಾಮಮ್ಮ ರಸ್ತೆಯ ಕಡೆ ಮುಖ ಮಾಡಿ, ಎರಡೂ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು.